ನಾಲ್ಕು ವರ್ಷದ ಫೀಸು
(ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ನಾನು ಇಲ್ಲಿ ನರ್ಸ್ ಆಗಿ ದುಡಿಯುವವಳು. ಹಾಗಾಗಿ ಇವತ್ತು ಒಂದು ನರ್ಸಿಂಗ್ ಕಾಲೇಜಿನ ಬಗ್ಗೆ ಎರಡು ಮಾತು ಹೇಳ್ತೀನಿ. ಕೆರಿಬಿಯನ್ ಸಮುದ್ರದ ಹೈಟಿ ದೇಶದಲ್ಲಿ ಲಿಯೋಗಾನ್ ಅಂತ ಊರು. ಅಲ್ಲಿ 2005ರಲ್ಲಿ ಎಪಿಸ್ಕೋಪಲ್ ಚರ್ಚಿನವರ ಈ ಕಾಲೇಜು ಶುರುವಾಯ್ತು. ನಾಲ್ಕು ವರ್ಷದ ಪದವಿ. ಫೀಸು ಕಟ್ಟುವ ಶಕ್ತಿಯಿಲ್ಲದ ಮಕ್ಕಳನ್ನು ಅಮೆರಿಕದ ದಾನಿಗಳು, ಚರ್ಚಿನ ಜನ ಸ್ಕಾಲರ್‌ಶಿಪ್ ಕೊಟ್ಟು ಓದಿಸ್ತಾರೆ.

2010ರ ಜನವರಿ 12ರಂದು ಭೂಕಂಪ ಆಯ್ತು. ಅದರ ಕೇಂದ್ರ ಲಿಯೋಗಾನ್ ಹತ್ತಿರವೇ. ಊರಿನ ಬಹುಪಾಲು ಕಟ್ಟಡಗಳು ನೆಲಕಚ್ಚಿದವು, ಕಾಲೇಜು ಉಳಿಯಿತು. ಗಾಯಾಳುಗಳು ಅಲ್ಲಿಗೇ ಬಂದರು. ಹೊರಗಿನ ವೈದ್ಯರು ಬಂದು ಮುಟ್ಟುವ ಮೊದಲೇ ಅವರ ಆರೈಕೆಗೆ ನಿಂತವರು ಅಲ್ಲಿನ ವಿದ್ಯಾರ್ಥಿಗಳು. ಯಾರೋ ದೂರದಿಂದ ಕಟ್ಟಿದ ಫೀಸು ಅವತ್ತು ಇಡೀ ಊರಿಗೆ ಒದಗಿತು.

ನಾವೂ ತಿಂಗಳು ತಿಂಗಳು ಊರಿಗೆ ದುಡ್ಡು ಕಳಿಸುವವರೇ. ಮನೆ, ಮದುವೆ, ಸಾಲ ಎಲ್ಲರಿಗೂ ಇದೆ. ಆದರೂ ಒಂದು ಮಗುವನ್ನು ಓದಿಸ್ತೀನಿ ಅಂತ ಹೊರಟರೆ ಮೊದಲ ವರ್ಷದ ಉತ್ಸಾಹ ಸಾಲದು. ಎರಡನೇ ವರ್ಷ ನಿಲ್ಲಿಸಿದರೆ ನಡುನೀರಿನಲ್ಲಿ ಕೈಬಿಟ್ಟ ಹಾಗೆ. ಒಬ್ಬರಿಂದ ಆಗದಿದ್ದರೆ ನಾಲ್ಕು ಜನ ಹಂಚಿಕೊಳ್ಳೋಣ. ಆದರೆ ನಾಲ್ಕೂ ವರ್ಷ ಕಟ್ಟೋಣ.