ಹಿಂದಿನ ಚಕ್ರದ ಕೀಂಯ್, ಟಿಕ್ ಟಿಕ್, ಗುಂಯ್

ಮಕ್ಕಳೇ, ಕಾರಿನಲ್ಲಿ ಹಿಂದಿನ ಸೀಟು ನಿಮ್ಮದೇ ಅಲ್ಲವೇ? ಹಾಗಾದರೆ ಹಿಂದಿನ ಚಕ್ರಗಳಿಗೆ ನಿಮ್ಮ ಕಿವಿಯೇ ಹತ್ತಿರ. ಅವುಗಳ ಸದ್ದು ದೊಡ್ಡವರಿಗಿಂತ ಮೊದಲು ನಿಮಗೇ ಕೇಳಿಸೀತು. ಬನ್ನಿ, ಆ ಸದ್ದುಗಳ ಜಾಡು ಹಿಡಿಯೋಣ.

ಮೊದಲು ಚಕ್ರದೊಳಗೆ ಇಣುಕೋಣ. ಎಷ್ಟೋ ಚಿಕ್ಕ ಕಾರುಗಳ ಹಿಂದಿನ ಚಕ್ರದಲ್ಲಿ ಡ್ರಮ್ ಎಂಬ ದುಂಡನೆಯ ಕಬ್ಬಿಣದ ಗೂಡು ಇರುತ್ತದೆ. ಚಕ್ರದ ಜೊತೆ ಅದೂ ತಿರುಗುತ್ತದೆ. ಅದರೊಳಗೆ ತಿರುಗದೆ ಕೂತಿರುವ ಎರಡು ಬಾಗಿದ ತುಂಡುಗಳೇ ಬ್ರೇಕ್ ಶೂಗಳು. ಬ್ರೇಕ್ ತುಳಿದೊಡನೆ ಅವು ಅಗಲಿ ಡ್ರಮ್ಮಿನ ಒಳಗೋಡೆಯನ್ನು ಒತ್ತುತ್ತವೆ. ಆ ಉಜ್ಜಾಟಕ್ಕೆ ಚಕ್ರ ನಿಧಾನವಾಗುತ್ತದೆ.

ಉಜ್ಜಿದರೆ ಕೀಂಯ್ ಎನ್ನುವುದೇಕೆ? ಕರಿಹಲಗೆಯ ಮೇಲೆ ಚಾಕ್‌ಪೀಸ್ ಕಿರುಚಿದ್ದನ್ನು ನೆನಪಿಸಿಕೊಳ್ಳಿ. ಚಾಕ್‌ಪೀಸ್ ಹಲಗೆಗೆ ಕ್ಷಣ ಅಂಟುತ್ತದೆ, ಜಾರುತ್ತದೆ, ಮತ್ತೆ ಅಂಟುತ್ತದೆ. ಬ್ರೇಕಿನಲ್ಲೂ ಹೀಗೆ ಅಂಟಿ ಜಾರುವಾಗ ಡ್ರಮ್ ನಡುಗುತ್ತದೆ, ಸೆಕೆಂಡಿಗೆ 1000ಕ್ಕೂ ಹೆಚ್ಚು ಸಲ! ಆ ನಡುಕವೇ ಕೀಂಯ್ ಎಂದು ಕೇಳಿಸುವುದು.

ರಾತ್ರಿ ಮಳೆ ಬಂದಿದ್ದರೆ ಬೆಳಿಗ್ಗೆ ಒಳಗೆ ತೆಳ್ಳನೆಯ ತುಕ್ಕು ಕೂತಿರಬಹುದು. ನಾಲ್ಕಾರು ಸಲ ಬ್ರೇಕ್ ಹಾಕಿದರೆ ಅದು ಉಜ್ಜಿ ಹೋಗಿ ಸದ್ದೂ ನಿಲ್ಲುತ್ತದೆ. ನಿಲ್ಲದೆ ಕರಕರ ಎಂದರೆ ಮಾತ್ರ ತಡಮಾಡಬಾರದು. ಶೂಗಳ ಮೇಲಿನ ಪದರ ಸವೆದು ಕಬ್ಬಿಣಕ್ಕೆ ಕಬ್ಬಿಣ ತಾಗುತ್ತಿರಬಹುದು.

ಬ್ರೇಕ್ ತುಳಿಯದಿದ್ದರೂ ಟಿಕ್ ಟಿಕ್ ಕೇಳುತ್ತಿದೆಯೇ? ಟೈರಿನ ಗೆರೆಗಳ ನಡುವೆ ಪುಟ್ಟ ಕಲ್ಲು ಸಿಕ್ಕಿಕೊಂಡಿರಬಹುದು. ಒಂದು ಸುತ್ತಿಗೆ ಒಂದು ಟಿಕ್. ಟೈರಿನ ಸುತ್ತಳತೆ 2 ಮೀಟರ್ ಎಂದುಕೊಳ್ಳಿ. ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ ಕಾರು ಸೆಕೆಂಡಿಗೆ 10 ಮೀಟರ್ ಓಡುತ್ತದೆ. ಹಾಗಾದರೆ ಸೆಕೆಂಡಿಗೆ ಎಷ್ಟು ಟಿಕ್? ಐದು!

ಇನ್ನು ಗುಂಯ್ ಎಂಬ ಸದ್ದು. ಚಕ್ರ ಸಲೀಸಾಗಿ ತಿರುಗಲೆಂದು ಅದರ ನಡುವೆ ಉಕ್ಕಿನ ಗುಂಡುಗಳ ಬೇರಿಂಗ್ ಇರುತ್ತದೆ. ಅದರ ನುಣುಪು ಹೋದರೆ ಈ ಗುಂಯ್ ಶುರುವಾಗಿ, ವೇಗ ಹೆಚ್ಚಿದಂತೆ ಜೋರಾಗುತ್ತದೆ.

ಆದ್ದರಿಂದ ಸದ್ದು ಕೇಳಿದಾಗ ಎರಡು ಪ್ರಶ್ನೆ ಹಾಕಿಕೊಳ್ಳಿ: ಬ್ರೇಕ್ ತುಳಿದಾಗ ಮಾತ್ರ ಬರುತ್ತದೆಯೇ? ವೇಗದ ಜೊತೆ ಬದಲಾಗುತ್ತದೆಯೇ? ಚಕ್ರವನ್ನು ಮಾತ್ರ ಮುಟ್ಟಬೇಡಿ. ಓಡಿ ಬಂದ ಕಾರಿನ ಬ್ರೇಕ್ ಕೈ ಸುಡುವಷ್ಟು ಬಿಸಿಯಿರುತ್ತದೆ. ಕೇಳಿದ್ದನ್ನು ಒಂದು ಚೀಟಿಯಲ್ಲಿ ಬರೆದು ಅಪ್ಪನಿಗೋ ಅಮ್ಮನಿಗೋ ಕೊಡಿ. ಗ್ಯಾರೇಜಿನಲ್ಲಿ ನಿಂತ ಕಾರು ಸದ್ದು ಮಾಡುವುದಿಲ್ಲ. ಮೆಕ್ಯಾನಿಕ್‌ಗೆ ಎಲ್ಲಿಂದ ಹುಡುಕಬೇಕೆಂದು ತಿಳಿಸುವುದು ನಿಮ್ಮ ಆ ಚೀಟಿಯೇ.