ಐದು ರೂಪಾಯಿ ಕೊಟ್ಟವರು ಯಾರು?

(ಅಕ್ಕಲಕೋಟೆಯ ಕಾರ್ಮಿಕ ಕೂಟದಲ್ಲಿ ಆಡಿದ ಮಾತುಗಳು)



ಸೊಲ್ಲಾಪುರದಿಂದ ನಮ್ಮನ್ನು ಪ್ರೀತಿಯಿಂದ ಕರೆಸಿಕೊಂಡಿದ್ದೀರಿ. ನಿಮ್ಮಲ್ಲಿ ಮಗ್ಗದ ಪಾಳಿ ಮುಗಿಸಿ ಬಂದವರಿದ್ದೀರಿ, ದಿನವಿಡೀ ಬೀಡಿ ಕಟ್ಟಿ ಲೆಕ್ಕ ಒಪ್ಪಿಸಿ ಬಂದ ತಾಯಂದಿರಿದ್ದೀರಿ. ದಣಿದವರಿಗೆ ಉದ್ದುದ್ದ ಉಪದೇಶ ಬೇಡ. ಈಚೆಗೆ ನಾವು ಕೆಲವರು ಕೂಡಿ ಮತ್ತೊಮ್ಮೆ ನೋಡಿದ ಒಂದು ಹಳೆಯ ದೂರದರ್ಶನ ಧಾರಾವಾಹಿಯ ವಿಷಯವಾಗಿ ನಾಲ್ಕು ಮಾತು ಹೇಳುತ್ತೇವೆ. ಅದರ ಹೆಸರು ‘ತಮಸ್’, ಅಂದರೆ ಕತ್ತಲೆ. ಭೀಷ್ಮ ಸಾಹನಿಯವರ ಹಿಂದಿ ಕಾದಂಬರಿಯನ್ನು ಗೋವಿಂದ ನಿಹಲಾನಿಯವರು ತೆರೆಗೆ ತಂದರು. ಅದು 1988ರ ಜನವರಿಯಲ್ಲಿ ಪ್ರಸಾರವಾಗತೊಡಗಿತು.

ಕಥೆ ದೇಶವಿಭಜನೆಯ ಕಾಲದ್ದು. ಆದರೆ ಅದು ಆರಂಭವಾಗುವುದು ಒಬ್ಬ ಬಡ ಕೂಲಿಯವನಿಂದ. ನಾಥೂ ಎಂಬವನು ಚರ್ಮ ಸುಲಿದು ಹದಮಾಡುವವನು. ದನದ ಡಾಕ್ಟರರಿಗೆ ಬೇಕಾಗಿದೆ ಎಂದು ಹೇಳಿ, ಒಂದು ಹಂದಿಯನ್ನು ಕೊಲ್ಲಲು ಒಬ್ಬನು ಅವನ ಕೈಗೆ ಐದು ರೂಪಾಯಿ ಇಡುತ್ತಾನೆ. ತನಗೆ ಬಾರದ ಕೆಲಸ, ಮನಸ್ಸಿಗೂ ಒಗ್ಗದ ಕೆಲಸ. ಆದರೂ ದೊಡ್ಡವನ ಮಾತು ಮೀರಲಾಗದೆ ರಾತ್ರಿಯೆಲ್ಲ ಹೆಣಗಾಡಿ ಮುಗಿಸುತ್ತಾನೆ. ಬೆಳಗಾದರೆ ಆ ಹಂದಿ ಮಸೀದಿಯ ಮೆಟ್ಟಿಲ ಮೇಲೆ ಬಿದ್ದಿರುತ್ತದೆ. ಅಲ್ಲಿಂದ ಊರು ಹೊತ್ತಿಕೊಳ್ಳುತ್ತದೆ, ಹಳ್ಳಿಗಳು ಹೊತ್ತಿಕೊಳ್ಳುತ್ತವೆ.

ಬೆಂಕಿ ಆರಿದ ಮೇಲೆ ಏನಾಯಿತು? ಅದನ್ನೇ ನಾವು ಹೆಚ್ಚು ಗಮನಿಸಬೇಕು. ಕಾದಂಬರಿಯಲ್ಲಿ ಪರಿಹಾರದ ಕಚೇರಿಯೊಂದು ಬರುತ್ತದೆ. ಅಲ್ಲಿ ಕುಳಿತ ಬಾಬುವಿಗೆ ಅಂಕಿಗಳಷ್ಟೇ ಬೇಕು: ಸತ್ತವರೆಷ್ಟು, ಸುಟ್ಟ ಮನೆಗಳೆಷ್ಟು, ಹೋದ ಸಾಮಾನು ಎಷ್ಟು. ನೊಂದವರು ತಮ್ಮ ಕಥೆ ತೆಗೆದರೆ ಅವನು ತಡೆಯುತ್ತಾನೆ. ಕೊನೆಯಲ್ಲಿ ಶಾಂತಿ ಸಮಿತಿಯ ಬಸ್ಸು ಊರಿನಲ್ಲಿ ತಿರುಗಲು ಹೊರಡುತ್ತದೆ. ಅದರಲ್ಲಿ ಮುಂದೆ ಕುಳಿತು ಐಕ್ಯದ ಘೋಷಣೆ ಕೂಗುವವನು ಯಾರು? ನಾಥೂನ ಕೈಗೆ ಐದು ರೂಪಾಯಿ ಇಟ್ಟವನೇ! ಅವನನ್ನು ಗುರುತಿಸಬಲ್ಲವನು ನಾಥೂ ಒಬ್ಬನೇ, ಆದರೆ ನಾಥೂ ಅಷ್ಟರಲ್ಲಿ ಸತ್ತುಹೋಗಿದ್ದಾನೆ.

ಇದು ಪಂಜಾಬಿನ ಕಥೆ, ನಮಗೇನು ಸಂಬಂಧ ಎನ್ನಬೇಡಿರಿ. ಸಾಹನಿಯವರು 1947ರಲ್ಲಿ ರಾವಲ್ಪಿಂಡಿಯಲ್ಲಿ ಪರಿಹಾರದ ಕೆಲಸ ಮಾಡಿದವರು. ಆ ನೆನಪುಗಳು ಎಷ್ಟೋ ವರ್ಷ ಅವರೊಳಗೆ ಸುಮ್ಮನಿದ್ದವು. 1970ರಲ್ಲಿ ನಮ್ಮ ಮಹಾರಾಷ್ಟ್ರದ ಭಿವಂಡಿಯಲ್ಲಿ ಗಲಭೆಯಾದಾಗ ಅವರು ಅಲ್ಲಿಗೆ ಹೋಗಿ ನೋಡಿದರು, ಮತ್ತು ಹಳೆಯದೆಲ್ಲ ಮರುಕಳಿಸಿತು. ಭಿವಂಡಿಯೆಂದರೆ ಯಾವ ಊರು? ಸೊಲ್ಲಾಪುರದ ಹಾಗೆಯೇ ವಿದ್ಯುತ್ ಮಗ್ಗದ ಊರು. ಒಬ್ಬನು ನೂಲು ಸುತ್ತುತ್ತಾನೆ, ಇನ್ನೊಬ್ಬನು ನೇಯುತ್ತಾನೆ. ಒಬ್ಬನ ದೇವರು ಬೇರೆ, ಇನ್ನೊಬ್ಬನ ದೇವರು ಬೇರೆ, ಬಟ್ಟೆ ಒಂದೇ. ಅಂಥ ಊರಿನಲ್ಲಿ ಮಗ್ಗ ನಿಂತು ಮನೆಗಳು ಉರಿದದ್ದನ್ನು ಕಂಡೇ ‘ತಮಸ್’ ಹುಟ್ಟಿತು. 1975ರಲ್ಲಿ ಅದಕ್ಕೆ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು.

ಧಾರಾವಾಹಿ ಬಂದಾಗ ಹಳೆಯ ಗಾಯ ಕೆದಕಬೇಡಿರೆಂದು ಕೆಲವರು ಕೋರ್ಟಿಗೆ ಹೋದರು. ಮುಂಬಯಿ ಹೈಕೋರ್ಟಿನ ನ್ಯಾಯಮೂರ್ತಿ ಲೆಂಟಿನ್ ಮತ್ತು ನ್ಯಾಯಮೂರ್ತಿ ಸುಜಾತಾ ಮನೋಹರ್ ಅದನ್ನು ತಾವೇ ಕುಳಿತು ನೋಡಿ, ತಡೆಯಲು ಒಪ್ಪಲಿಲ್ಲ. 1988ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟೂ ಅರ್ಜಿಯನ್ನು ತಳ್ಳಿಹಾಕಿತು. ನಮಗೆ ಇದು ಸರಿಯೆನಿಸುತ್ತದೆ. ಕೀವು ತೆಗೆಯದೆ ಪಟ್ಟಿ ಕಟ್ಟಿದರೆ ಗಾಯ ಮಾಯುವುದಿಲ್ಲ.

ಈಗ ನಮ್ಮದೇ ಗಾಯದ ಮಾತು. 2002ರ ಅಕ್ಟೋಬರ್ 6ರಂದು ಅಮೆರಿಕದ ಟೆಲಿವಿಷನ್ನಿನಲ್ಲಿ ಜೆರ್ರಿ ಫಾಲ್ವೆಲ್ ಎಂಬ ಪ್ರಸಿದ್ಧ ಪಾದ್ರಿ ಪ್ರವಾದಿ ಮುಹಮ್ಮದರನ್ನು ಭಯೋತ್ಪಾದಕರೆಂದು ಕರೆದರು. ಅದನ್ನು ಖಂಡಿಸಿ ಅಕ್ಟೋಬರ್ 11ರ ಶುಕ್ರವಾರ ಸೊಲ್ಲಾಪುರದಲ್ಲಿ ಬಂದ್ ನಡೆಯಿತು. ಅದು ಗಲಭೆಯಾಗಿ ತಿರುಗಿತು, ಜೀವಗಳು ಹೋದವು, ಕರ್ಫ್ಯೂ ಬಿತ್ತು. ಮಾರನೆಯ ದಿನ ಆ ಪಾದ್ರಿ ಕ್ಷಮೆ ಕೇಳಿದರು. ಆದರೆ ಕ್ಷಮೆಯ ಸುದ್ದಿ ಬಂದಾಗ ಇಲ್ಲಿನ ಹೆಣಗಳು ಏಳಲಿಲ್ಲ.

ಸಹೋದರರೇ, ಆ ಬಾಯಿ ಕ್ರಿಸ್ತನ ಹೆಸರು ಹೇಳುವ ಬಾಯಿ. ಅವರು ನಮ್ಮ ಸಭೆಯವರಲ್ಲ, ನಮ್ಮ ದೇಶದವರೂ ಅಲ್ಲ ಎಂದು ನಾವು ಹೇಳಬಹುದು. ಪಿಲಾತನೂ ನೀರು ತರಿಸಿ ಕೈ ತೊಳೆದುಕೊಂಡನು. ಮಾತು ಆಡಿದವರು ಸಮುದ್ರದಾಚೆ ಸುಖವಾಗಿದ್ದರು. ಕಲ್ಲೆತ್ತಿದ ಕೈಗಳು, ಕಲ್ಲೇಟು ತಿಂದ ತಲೆಗಳು ಮಾತ್ರ ನಮ್ಮ ಓಣಿಗಳವು. ಊರು ಮುಚ್ಚಿದರೆ ಎಲೆ ತಂಬಾಕು ಕೊಡುವವರಿಲ್ಲ. ಸಾವಿರ ಬೀಡಿಗೆ ಇಷ್ಟೆಂದು ದುಡಿಯುವ ತಾಯಿಗೆ ಆ ದಿನದ ಒಲೆ ಹೊತ್ತುವುದಿಲ್ಲ. ಅಕ್ಕಲಕೋಟೆಯಿಂದ ಬುತ್ತಿ ಕಟ್ಟಿಕೊಂಡು ಬರುವ ನೇಕಾರನಿಗೆ ಬಸ್ಸಿಲ್ಲ, ಪಾಳಿಯಿಲ್ಲ, ಕೂಲಿಯಿಲ್ಲ. ಇವು ಯಾವ ಬಾಬುವಿನ ಅಂಕಿಯಲ್ಲಿಯೂ ಸೇರುವುದಿಲ್ಲ.

ಸುವಾರ್ತೆಯಲ್ಲಿಯೂ ಇಂಥ ಒಂದು ಲೆಕ್ಕವಿದೆ. ಮೂವತ್ತು ಬೆಳ್ಳಿ ನಾಣ್ಯ ತೆಗೆದುಕೊಂಡ ಯೂದನು ಪಶ್ಚಾತ್ತಾಪದಿಂದ ಅದನ್ನು ಹಿಂದಕ್ಕೆ ಕೊಡಲು ಹೋದನು. ಕೊಟ್ಟವರು ಅದು ನಿನ್ನ ಪಾಡು ಎಂದು ಬಿಟ್ಟರು. ಅವನು ಹೋಗಿ ಉರ್ಲು ಹಾಕಿಕೊಂಡನು. ಅವರು ಮಾತ್ರ ಆ ಹಣವನ್ನು ಯಾವ ಲೆಕ್ಕಕ್ಕೆ ಬರೆಯುವುದು ಧರ್ಮ ಎಂದು ವಿಚಾರ ಮಾಡಿ, ಪರದೇಶಿಗಳನ್ನು ಹೂಳಲು ಹೊಲ ಕೊಂಡರು. ಹಣ ಪಡೆದವನ ಹೆಸರು ಇಂದಿಗೂ ಬೈಗುಳವಾಗಿ ಉಳಿದಿದೆ. ಹಣ ಎಣಿಸಿ ಕೊಟ್ಟವರ ಹೆಸರನ್ನು ಯಾರು ಬೈಗುಳ ಮಾಡಿದ್ದಾರೆ?

ಹಾಗಾದರೆ ಕೈ ನಿರಪರಾಧಿಯೋ? ಅಲ್ಲ. ನಾಥೂನೇ ಅದನ್ನು ಬಲ್ಲನು. ಅವನಿಗೆ ಅನ್ನ ಇಳಿಯಲಿಲ್ಲ, ನಿದ್ರೆ ಬರಲಿಲ್ಲ. ಹೆಂಡತಿ ಕರ್ಮೊ ಒಬ್ಬಳ ಮುಂದೆ ಬಾಯಿ ಬಿಟ್ಟನು. ಅವಳನ್ನು ಬಿಟ್ಟು ಹೇಳಿಕೊಳ್ಳಲು ಅವನಿಗೆ ಯಾರಿದ್ದರು? ಕೆಲಸ ಹಿಡಿಯುವ ಮುಂಚೆ, ಇದು ಯಾತಕ್ಕೆ ಎಂದು ಕೇಳಲು ಅವನ ಬೆನ್ನಿಗೆ ಯಾರಿದ್ದರು? ಅವನಿಗೊಂದು ಸಂಘವಿರಲಿಲ್ಲ, ಒಂದು ಕೂಟವಿರಲಿಲ್ಲ. ಒಂಟಿಯಾದ ಬಡವನ ಕೈ ಅಗ್ಗಕ್ಕೆ ಸಿಗುತ್ತದೆ.

ಇಂದು ಐದು ರೂಪಾಯಿಯ ಖರ್ಚೂ ಇಲ್ಲ. ಮೊಬೈಲಿಗೆ ಬಂದ ವಿಷದ ಮಾತನ್ನು ನಾವು ಬೆರಳಿನಿಂದ ಪುಕ್ಕಟೆಯಾಗಿ ಮುಂದಕ್ಕೆ ತಳ್ಳುತ್ತೇವೆ. ಬೆಳಿಗ್ಗೆ ಅದು ಯಾವ ಮೆಟ್ಟಿಲ ಮೇಲೆ ಬಿದ್ದಿರುತ್ತದೋ ನಮಗೆ ತಿಳಿಯದು.

ಆದುದರಿಂದ ನಮ್ಮ ಬಿನ್ನಹ ಮೂರು. ಮೊದಲನೆಯದು, ಯಾರಾದರೂ ಕೆಲಸ ಹೇಳಿದರೆ, ಸುದ್ದಿ ಕಳಿಸಿದರೆ, ಯಾತಕ್ಕೆ ಎಂದು ಕೇಳೋಣ. ಒಬ್ಬರೇ ಕೇಳಲು ಹೆದರಿಕೆಯಾದರೆ ನಾಲ್ವರು ಕೂಡಿ ಕೇಳೋಣ. ಎರಡನೆಯದು, ತಪ್ಪಿ ನಡೆದವನು ಈ ಕೂಟದಲ್ಲಿ ನಿಜ ಹೇಳಲು ಬಂದರೆ ಅವನನ್ನು ಹೊಸಿಲ ಹೊರಗೆ ನಿಲ್ಲಿಸದಿರೋಣ. ಕಾನೂನಿನ ಮುಂದೆ ನಿಜ ಒಪ್ಪಿಕೊಳ್ಳುವ ಧೈರ್ಯವೂ ಅವನಿಗೆ ಇಲ್ಲಿಯೇ ಸಿಗಲಿ. ಮೂರನೆಯದು, ಗಲಭೆಯಾದ ಮೇಲೆ ಶಾಂತಿಯ ಬಸ್ಸು ಹತ್ತುವ ಮುಂಚೆ ವಿಧವೆಯ ಮನೆಯ ಹೊಸಿಲು ಹತ್ತೋಣ, ಅವಳ ಕಥೆಯನ್ನು ಪೂರಾ ಕೇಳೋಣ.

ಸೊಲ್ಲಾಪುರದ ಚೌಕದಲ್ಲಿ ನಾಲ್ವರು ಹುತಾತ್ಮರ ಪ್ರತಿಮೆಗಳನ್ನು ನೀವು ನೋಡಿದ್ದೀರಿ. ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರಡಾ. ನಾಲ್ವರನ್ನೂ 1931ರ ಜನವರಿ 12ರಂದು ಯರವಡಾ ಸೆರೆಮನೆಯಲ್ಲಿ ಗಲ್ಲಿಗೇರಿಸಿದರು. ಅವರ ಮನೆಮಾತು ಒಂದಲ್ಲ, ಪೂಜೆಯ ರೀತಿ ಒಂದಲ್ಲ. ಆದರೂ ಒಟ್ಟಿಗೆ ನಿಂತಿದ್ದಾರೆ. 2002ರಲ್ಲಿ ಬೆಂಕಿ ಬಿದ್ದದ್ದೂ ಅದೇ ಊರಿಗೆ ಎಂಬುದನ್ನು ಮರೆಯದಿರೋಣ.

ಧಾರಾವಾಹಿ ಮುಗಿಯುವುದು ಕರ್ಮೊಳ ಕೂಸಿನ ಅಳುವಿನಿಂದ; ಹೊರಗೆ ಇನ್ನೂ ಎರಡೂ ಕಡೆಯ ಕೂಗು ಕೇಳುತ್ತಿರುತ್ತದೆ. ಆ ಕೂಸು ಬೆಳೆದು ನಮ್ಮ ತಂದೆಯನ್ನು ಕೊಂದವರು ಯಾರು ಎಂದು ಕೇಳಿದರೆ ಏನು ಹೇಳುವಿರಿ? ಕಾಯಿನನ ಹಾಗೆ ನಮಗೆ ಗೊತ್ತಿಲ್ಲ ಎನ್ನುವುದು ಮಾತ್ರ ನಮ್ಮ ಬಾಯಿಂದ ಬಾರದಿರಲಿ.

ನಿಮಗೆಲ್ಲರಿಗೂ ಸಮಾಧಾನವಿರಲಿ.