ಟೈರಿನೊಳಗಿನ ನೀರು: ಎಷ್ಟು, ಎಲ್ಲಿ, ಯಾವಾಗ



ಚಕ್ರ ಜಾರದಿರಲೆಂದು ಉಳುಮೆಗೆ ಮೊದಲು ಟ್ರ್ಯಾಕ್ಟರಿನ ಹಿಂದಿನ ಟೈರಿಗೆ ನೀರು ತುಂಬಿಸುವುದು ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಜಾಕ್ ಕೊಟ್ಟು ಚಕ್ರ ಎತ್ತಿ, ವಾಲ್ವ್ ಮೇಲಕ್ಕೆ ಬರುವಂತೆ ತಿರುಗಿಸಿ, ಆ ಮಟ್ಟದವರೆಗೆ ನೀರು ಬಿಟ್ಟರೆ ಟೈರು ಮುಕ್ಕಾಲು ಭಾಗ ತುಂಬುತ್ತದೆ. 13.6-28 ಅಳತೆಯ ಟೈರಿಗೆ ಸುಮಾರು 200 ಲೀಟರ್ ಹಿಡಿಯುತ್ತದೆ. ಎರಡೂ ಟೈರು ಸೇರಿದರೆ 400 ಕೆ.ಜಿ. ತೂಕ, ಅದೂ ಹೆಚ್ಚು ಖರ್ಚಿಲ್ಲದೆ. ಹಿಮ ಬೀಳುವ ಅಮೆರಿಕ, ಕೆನಡಾಗಳಲ್ಲಿ ನೀರು ಹೆಪ್ಪುಗಟ್ಟದಿರಲೆಂದು ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸುವ ರೂಢಿಯಿದೆ. ಟ್ಯೂಬ್ ಸೋರಿದರೆ ಆ ಲವಣ ರಿಮ್ಮನ್ನೇ ತಿನ್ನುತ್ತದೆ. ನಮಗೆ ಬರಿಯ ನೀರು ಸಾಕು.

ಇಷ್ಟು ಸುಲಭವಾಗಿ ಆಗುವ ಕೆಲಸವಾದ್ದರಿಂದಲೇ ಅದರ ಬಗ್ಗೆ ಯೋಚಿಸುವುದನ್ನು ನಾವು ಬಿಟ್ಟಿದ್ದೇವೆ ಎಂಬುದು ನನ್ನ ಆತಂಕ.

ಏರುತಗ್ಗಿನ ನೆಲವನ್ನೇ ನೋಡಿ. ತೂಕ ತಳದಲ್ಲಿ ಕೂರುವುದರಿಂದ ಟ್ರ್ಯಾಕ್ಟರ್ ಪಕ್ಕಕ್ಕೆ ಮಗುಚುವ ಭಯ ಕಡಿಮೆಯಾಗುತ್ತದೆ, ನಿಜ. ಆದರೆ ಹಿಂದಕ್ಕೆ ಮಗುಚುವುದನ್ನು ಈ ನೀರು ತಡೆಯುವುದಿಲ್ಲ. ಎಳೆಯಲಾರದ ಭಾರ ಬಿದ್ದಾಗ ಜಾರಿ ಸುಮ್ಮನಾಗುತ್ತಿದ್ದ ಚಕ್ರ ಈಗ ನೆಲವನ್ನು ಕಚ್ಚಿ ಹಿಡಿಯುತ್ತದೆ; ಇಂಜಿನ್ನಿನ ಬಲ ಮುಂಭಾಗವನ್ನೇ ಮೇಲೆತ್ತುತ್ತದೆ. ಮುಂದೆ ತೂಕವಿಡದೆ ಹಿಂದೆ ಮಾತ್ರ ನೀರು ತುಂಬಿಸಿ, ಕಬ್ಬಿನ ಟ್ರೇಲರ್ ಕಟ್ಟಿಕೊಂಡು ದಿಬ್ಬ ಹತ್ತುವ ಚಾಲಕನ ಜೀವ ಈ ಲೆಕ್ಕದ ಮೇಲಿದೆ. ತರಬೇತಿಯ ಮೊದಲ ದಿನವೇ ಹೇಳಬೇಕಾದ ಮಾತಿದು.

ಕಲ್ಲುನೆಲದಲ್ಲಿ ಇನ್ನೊಂದು ಸಂಕಟ. ನೀರು ತುಂಬಿದ ಟೈರಿನಲ್ಲಿ ಗಾಳಿಗೆ ಜಾಗ ಕಡಿಮೆ. ಏಟು ನೇರವಾಗಿ ಚಾಲಕನ ಬೆನ್ನಿಗೆ ಬರುತ್ತದೆ.

ಎರೆಭೂಮಿಯ ಮಾತೇ ಬೇರೆ. ಬೇಸಿಗೆಯಲ್ಲಿ ಪಲ್ಟಿ ನೇಗಿಲು ಹೊಡೆಯುವಾಗ ಈ ತೂಕ ಬೇಕೇ ಬೇಕು. ಮಳೆ ಬಿದ್ದ ಮೇಲೆ ರೋಟವೇಟರ್ ಹಾಕುವಾಗ ಬೇಡ, ಏಕೆಂದರೆ ಅದು ಇಂಜಿನ್ನಿನ ಬಲ ಸಾಗಿಸುವ ಪಿಟಿಒ ದಂಡದಿಂದ ತಿರುಗುವ ಉಪಕರಣ, ದೊಡ್ಡ ಎಳೆತ ಕೇಳುವುದಿಲ್ಲ. ಆಗ 400 ಕೆ.ಜಿ. ಹಸಿ ಮಣ್ಣನ್ನು ತುಳಿಯುವುದಕ್ಕಷ್ಟೇ ಬಳಕೆಯಾಗುತ್ತದೆ. ಮೇಲ್ಪದರ ಗಟ್ಟಿಯಾದರೆ ಮುಂದಿನ ಉಳುಮೆ ಸರಿಪಡಿಸೀತು. ಒಟ್ಟು ಭಾರದಿಂದ ಆಳದಲ್ಲಿ ಒತ್ತಿಹೋದ ಮಣ್ಣನ್ನು ನೇಗಿಲು ಮುಟ್ಟುವುದೇ ಇಲ್ಲ. ಆದರೂ ಒಮ್ಮೆ ತುಂಬಿಸಿದ ನೀರು ಟೈರು ಸವೆಯುವವರೆಗೂ ಒಳಗೇ ಉಳಿಯುವುದನ್ನು ಎಷ್ಟೋ ಕಡೆ ಕಂಡಿದ್ದೇನೆ.

ಬುದ್ನಿಯ ಕೇಂದ್ರೀಯ ಕೃಷಿ ಯಂತ್ರ ಪರೀಕ್ಷಾ ಸಂಸ್ಥೆಯ ವರದಿಗಳಲ್ಲಿ ಹೆಚ್ಚುವರಿ ತೂಕದೊಂದಿಗೆ ಮತ್ತು ಅದಿಲ್ಲದೆ ಟ್ರ್ಯಾಕ್ಟರ್ ಎಷ್ಟು ಎಳೆಯಿತೆಂಬ ಅಂಕಿಗಳಿವೆ. ಅವು ಕಾಂಕ್ರೀಟ್ ಪಥದ ಅಂಕಿಗಳು. ಹೊಲದ ಅಂಕಿಯನ್ನು ರೈತನೇ ತೆಗೆಯಬಹುದು: ಟೈರಿಗೆ ಸುಣ್ಣದ ಗುರುತು ಹಾಕಿ, ಚಕ್ರ 10 ಸುತ್ತು ತಿರುಗುವಷ್ಟರಲ್ಲಿ ಟ್ರ್ಯಾಕ್ಟರ್ ಸಾಗಿದ ದೂರ ಅಳೆಯಲಿ. ನೇಗಿಲು ಎತ್ತಿದಾಗ 40 ಮೀಟರ್, ಇಳಿಸಿದಾಗ 34 ಮೀಟರ್ ಎಂದಾದರೆ ಜಾರಿಕೆ ಶೇ. 15. ಅದಕ್ಕಿಂತ ಹೆಚ್ಚಾದರೆ ತೂಕ ಸೇರಿಸಬೇಕು, ಶೇ. 8ಕ್ಕಿಂತ ಕಡಿಮೆಯಿದ್ದರೆ ನೀರು ಇಳಿಸಬೇಕು.

ಎರೆ, ಮಸಾರಿ, ಮಲೆನಾಡಿನ ಇಳಿಜಾರು, ಈ ಮೂರೂ ನೆಲಗಳಲ್ಲಿ ಇದೇ ಅಳತೆ ತೆಗೆದು, ಎಷ್ಟು ನೀರು, ಮುಂದೆ ಎಷ್ಟು ತೂಕ, ಯಾವ ಕೆಲಸಕ್ಕೆ ಎಂಬ ಒಂದು ಪುಟದ ಕನ್ನಡ ಪಟ್ಟಿಯನ್ನು ಈ ಸಮ್ಮೇಳನದ ಗೋಷ್ಠಿಗಳು ರೂಪಿಸಲಿ. ಅದನ್ನು ಪಂಕ್ಚರ್ ಅಂಗಡಿಗಳ ಗೋಡೆಗೆ ಅಂಟಿಸೋಣ. ನೀರು ತುಂಬಿಸುವ ಕೈಗಳು ಇರುವುದು ಅಲ್ಲೇ.